ಹದಿನೈದನೆಯ ಸಾಲು

ಜನವರಿ 6, ಸೋಮವಾರ

ಈ ವೃದ್ಧಾಶ್ರಮಕ್ಕೆ ಬಂದು ನಾಲ್ಕು ದಿನವಾಯಿತು. ಅಕ್ಕನ ಜೊತೆ ಒಂದೇ ಕೋಣೆಯಲ್ಲಿ ನಾಲ್ಕು ದಿನ ಎಂದು ಬರೆದರೆ ನನ್ನ ಕಷ್ಟ ಇನ್ನೂ ಸರಿಯಾಗಿ ತಿಳಿಯುತ್ತದೆ. ಒಬ್ಬರೇ ಇರುವ ಕೋಣೆ ಖಾಲಿ ಇರಲಿಲ್ಲವಂತೆ. "ಚಿಕ್ಕಮ್ಮ, ಅಮ್ಮಂಗೆ ಎರಡು ಮಂಡೀನೂ ಹೋಗಿದೆ, ನಿಮಗೂ ಎಪ್ಪತ್ತೊಂದಾಯ್ತು. ಇಬ್ರೂ ಒಂದೇ ಕಡೆ ಇದ್ರೆ ನಮಗೂ ನೆಮ್ಮದಿ" ಎಂದಳು ಅಕ್ಕನ ಮಗಳು. ನೆಮ್ಮದಿ ಅವಳ ಪಾಲಿಗೆ, ಅವಳಮ್ಮ ನನ್ನ ಪಾಲಿಗೆ. ನಾವಿಬ್ಬರೂ ನಲವತ್ತು ವರ್ಷದಿಂದ ಮದುವೆ ಮತ್ತು ಸಾವಿನ ಮನೆಗಳಲ್ಲಿ ಮಾತ್ರ ಭೇಟಿಯಾಗಿ, ಅಲ್ಲೂ ಜಗಳವಾಡದೆ ಎದ್ದು ಬಂದವರಲ್ಲ.

ಅಕ್ಕ ಮುಖ್ಯೋಪಾಧ್ಯಾಯಿನಿಯಾಗಿದ್ದವಳು. ನಿವೃತ್ತಿಯಾಗಿ ಹದಿನೇಳು ವರ್ಷ ಕಳೆದರೂ ಗಂಟೆ ಹೊಡೆಯುವುದನ್ನು ಬಿಟ್ಟಿಲ್ಲ. ಬೆಳಿಗ್ಗೆ ಗಾಲಿ ಕುರ್ಚಿಗೆ ಇಳಿದ ಕೂಡಲೇ ನಾನು ಹೊದಿಕೆ ಮಡಿಸಿದ್ದು ಸರಿಯಿಲ್ಲ, ಚಪ್ಪಲಿ ಬಿಟ್ಟದ್ದು ಸರಿಯಿಲ್ಲ. ಪುಟ್ಟಿ, ಪುಟ್ಟಿ ಎಂದು ಹೆಸರು ಕರೆದು ಕರೆದು ನನ್ನ ತಲೆ ತಿನ್ನುತ್ತಾಳೆ.

ಅವಳಿಗೆ ಗೊತ್ತಿಲ್ಲದ ವಿಷಯ ಒಂದಿದೆ. ಇಲ್ಲಿ ಯಾರಿಗೂ ಗೊತ್ತಿಲ್ಲ. ಈ ಕಟ್ಟಡದ ನಕ್ಷೆ ಬರೆದವಳು ನಾನು. ಕಲ್ಪನೆ ವಿನ್ಯಾಸಕಾರರಾದ ನಮ್ಮ ಸಾರ್ ಅವರದು, ಗೆರೆ ನನ್ನದು. ಇಪ್ಪತ್ತಾರು ವರ್ಷದ ಹಿಂದೆ ಅವರ ಕಚೇರಿಯಲ್ಲಿ, ಓರೆಯಾಗಿ ನಿಲ್ಲಿಸಿದ ಹಲಗೆಯ ಮುಂದೆ ನಿಂತು, ಒಂದೊಂದು ಇಟ್ಟಿಗೆಯನ್ನೂ ಕಾಗದದ ಮೇಲೆ ಇಟ್ಟವಳು ನಾನು. ಗಾರೆ ಬಳಿಯದ ಬರೀ ಇಟ್ಟಿಗೆಯ ಕಟ್ಟಡ. ಕಿಟಕಿಗಳ ಬುಡದಲ್ಲಿ ಒಂದು ಸಾಲು ಇಟ್ಟಿಗೆ ಎರಡು ಬೆರಳಷ್ಟು ಮುಂದೆ ಬಂದಿದೆ. ಆ ಪಟ್ಟಿ ನಾಲ್ಕೂ ಗೋಡೆಗಳನ್ನು ಸುತ್ತಿ ಮುಂಬಾಗಿಲ ಕಮಾನಿನ ಬುಡಕ್ಕೆ ಬಂದು ಸೇರುತ್ತದೆ. ಎಲ್ಲೂ ಮುರಿಯುವುದಿಲ್ಲ, ಎಲ್ಲೂ ಏರಿಳಿಯುವುದಿಲ್ಲ. ನೆಲದಿಂದ ಎಣಿಸಿದರೆ ಅದು ಹದಿನೈದನೆಯ ಸಾಲು. ಬಂದ ದಿನ ಕಾರಿನಿಂದ ಇಳಿದು ಅದನ್ನೇ ನೋಡುತ್ತ ನಿಂತೆ, ಕಣ್ಣು ತುಂಬಿ ಬಂತು. "ಏನ್ ಬಾಯಿ ಬಿಟ್ಕೊಂಡು ನಿಂತಿದ್ದೀಯ, ಚೀಲ ಇಳಿಸು" ಎಂದಳು ಅಕ್ಕ.

ಇದನ್ನು ಕಿಟಕಿಯ ದಂಡೆಯ ಮೇಲೆ ಪುಸ್ತಕವಿಟ್ಟು ನಿಂತೇ ಬರೆಯುತ್ತಿದ್ದೇನೆ. ಎತ್ತರ ಹೇಳಿ ಮಾಡಿಸಿದಂತಿದೆ. ಮೂವತ್ತೊಂದು ವರ್ಷ ನಿಂತೇ ದುಡಿದವಳು ನಾನು, ಕೂತರೆ ನನ್ನ ಕೈಗೆ ಅಕ್ಷರ ಬರುವುದಿಲ್ಲ.

ಜನವರಿ 8, ಬುಧವಾರ

ಶುರುವಾಯಿತು. ಬೆಳಿಗ್ಗೆ ಅಕ್ಕ ಕುರ್ಚಿಯನ್ನು ಕಿಟಕಿಯ ಹತ್ತಿರ ತಳ್ಳಿಸಿಕೊಂಡಳು. ಕತ್ತು ಚಾಚಿ ಚಾಚಿ ನೋಡಿದಳು.

"ಪುಟ್ಟಿ, ಇಲ್ಲಿಂದ ಏನೂ ಕಾಣಿಸಲ್ಲ."

"ಆಕಾಶ ಕಾಣಿಸುತ್ತಲ್ಲ."

"ಆಕಾಶಕ್ಕೆ ಹಾಜರಿ ತಗೊಳ್ಳಕ್ಕಾಗುತ್ತಾ?"

ಅವಳಿಗೆ ಗೇಟು ಕಾಣಬೇಕಂತೆ. ಶಾಲೆಯಲ್ಲಿ ಅವಳ ಮೇಜು ಗೇಟಿಗೆ ಎದುರಾಗಿತ್ತು, ತಡವಾಗಿ ಬರುವವರನ್ನು ಎಣಿಸುವುದೇ ಅವಳ ಜೀವನದ ಸುಖ. ನಮ್ಮ ಕೋಣೆ ಗೇಟಿಗೆ ನೇರವಾಗಿದೆ ನಿಜ. ಆದರೆ ನಿಂತರೆ ಮಾತ್ರ ಕಾಣುತ್ತದೆ. ನನಗೆ ಕಾಣುತ್ತದೆ.

"ಇದನ್ನ ಕಟ್ಟಿದವನಿಗೆ ತಲೆ ಇತ್ತಾ?" ಎಂದಳು. ಮೈಯೆಲ್ಲ ಉರಿದುಹೋಯಿತು. ತಲೆ ಇದ್ದವರು ನೋಡುವುದು ಹೊರಗಿನಿಂದ ಎಂದು ಬಾಯಿಗೆ ಬಂತು, ನುಂಗಿಕೊಂಡೆ.

ಜನವರಿ 13, ಸೋಮವಾರ

ಊಟದ ಕೋಣೆಯಲ್ಲಿ ಇವತ್ತು ಎಂಟು ಜನ ಸೇರಿ ನನ್ನ ಕಟ್ಟಡವನ್ನು ಹರಿದು ಮುಕ್ಕಿದರು. ಕಿವಿಗೆ ರೇಡಿಯೋ ಅಂಟಿಸಿಕೊಂಡೇ ಓಡಾಡುವ ತಾತ ಒಬ್ಬರಿದ್ದಾರೆ. "ಜೈಲಲ್ಲೂ ಕಿಟಕಿ ಎತ್ತರಕ್ಕಿರುತ್ತೆ ಕಣ್ರೀ, ಆದ್ರೆ ಅಲ್ಲಿ ಬಿಡುಗಡೆ ದಿನಾನಾದ್ರೂ ಹೇಳ್ತಾರೆ" ಎಂದರು. ಎಲ್ಲರೂ ಕೆಮ್ಮುವಷ್ಟು ನಕ್ಕರು. ಪಕ್ಕದ ಕೋಣೆಯ ಟೈಲರಮ್ಮ ತನ್ನ ಕಿಟಕಿಯಿಂದ ಒಂದು ನೀರಿನ ಟ್ಯಾಂಕ್ ಮಾತ್ರ ಕಾಣುತ್ತದೆ, ಈಗ ಅದರ ಮೇಲೆ ಬರುವ ಕಾಗೆಗಳೆಲ್ಲ ಪರಿಚಯವಾಗಿವೆ ಎಂದರು.

ಇವರಲ್ಲಿ ಒಬ್ಬರಾದರೂ ಹೊರಗೆ ನಿಂತು ಆ ಪಟ್ಟಿಯನ್ನು ನೋಡಿದ್ದಾರೆಯೇ? ಕಟ್ಟಿದ ವರ್ಷ ಒಂದು ಪತ್ರಿಕೆಯವರು ಬಂದು ಫೋಟೊ ತೆಗೆದು, ಎರಡು ಪುಟ ಹಾಕಿ, 'ಒಂದೇ ಉಸಿರಿನ ಗೆರೆ' ಎಂದು ಬರೆದಿದ್ದರು. ಇವರಿಗೆ ಟ್ಯಾಂಕು, ಕಾಗೆ. ಕೂತಲ್ಲೇ ಕೂತು ಕೂತು ಇವರ ಬುದ್ಧಿಯೂ ಕೂತುಬಿಟ್ಟಿದೆ.

ವಾಪಸು ಬರುವಾಗ ಮುಂದಿನ ಹಜಾರದಲ್ಲಿ ಅಕ್ಕ ಕುರ್ಚಿ ನಿಲ್ಲಿಸು ಎಂದಳು. ಅಲ್ಲಿ ನನ್ನ ನಕ್ಷೆಯ ಒಂದು ಪ್ರತಿಯನ್ನು ಚೌಕಟ್ಟು ಹಾಕಿ ತೂಗುಹಾಕಿದ್ದಾರೆ. ಕೆಳಗೆ ಸಾರ್ ಹೆಸರಿದೆ. ನನ್ನ ಹೆಸರಿಲ್ಲ, ನಕ್ಷೆ ಬರೆಯುವವರ ಹೆಸರು ಎಲ್ಲೂ ಇರುವುದಿಲ್ಲ. ಅಕ್ಕ ಕನ್ನಡಕ ಒರೆಸಿಕೊಂಡು ಬಹಳ ಹೊತ್ತು ನೋಡಿದಳು.

"ಅಕ್ಷರ ಚೆನ್ನಾಗಿದೆ" ಎಂದಳು. ನಲವತ್ತು ವರ್ಷದಲ್ಲಿ ಅವಳ ಬಾಯಿಂದ ಬಂದ ಮೊದಲ ಹೊಗಳಿಕೆ, ಅದೂ ಯಾರನ್ನು ಹೊಗಳುತ್ತಿದ್ದೇನೆಂದು ತಿಳಿಯದೆ. ಒಳಗೊಳಗೇ ನಗು ಬಂತು.

ಜನವರಿ 19, ಭಾನುವಾರ

ಅಕ್ಕ ಮನವಿ ಪತ್ರ ಬರೆಸಿದಳು. ಬರೆಸಿದ್ದು ನನ್ನ ಕೈಯಲ್ಲಿ! "ನಿನ್ನ ಕೈಬರಹ ಮುದ್ದಾಗಿದೆ, ಅವರಿಗೆ ಓದದೇ ಇರಕ್ಕೆ ನೆಪ ಸಿಗಬಾರದು" ಎಂದಳು. ಅವಳು ಹೇಳಿದಂತೆ ಒಂದಕ್ಷರ ಬಿಡದೆ ಬರೆದೆ. ಇಲ್ಲೂ ಬರೆದಿಡುತ್ತೇನೆ, ಮುಂದೆ ಯಾರಾದರೂ ನನ್ನ ತಾಳ್ಮೆಯನ್ನು ಅಳೆಯಬೇಕಾದರೆ ಬೇಕಾಗುತ್ತದೆ.

'ಮಾನ್ಯರೇ, ಈ ಕಿಟಕಿಗಳನ್ನು ಬರೆದವರು ತಮ್ಮ ಜೀವಮಾನದಲ್ಲಿ ಒಮ್ಮೆಯೂ ಕುಳಿತಂತೆ ಕಾಣುವುದಿಲ್ಲ. ಅವರ ಮನೆಯಲ್ಲಿ ವಯಸ್ಸಾದವರು ಇರಲಿಲ್ಲವೋ, ಇದ್ದರೂ ಅವರ ಕಣ್ಣಿಗೆ ಬೀಳಲಿಲ್ಲವೋ ನಮಗೆ ತಿಳಿಯದು. ಇಲ್ಲಿರುವ ನಲವತ್ತೆರಡು ಜನರಲ್ಲಿ ಮೂವತ್ತು ಜನ ಹಗಲೆಲ್ಲ ಕುಳಿತೇ ಇರುವವರು.'

"'ಕಣ್ಣಿಗೆ ಬೀಳಲಿಲ್ಲವೋ' ಅನ್ನೋದು ಜಾಸ್ತಿ ಆಯ್ತು" ಎಂದೆ.

"ನಿಂಗ್ಯಾಕೆ ಚುಚ್ಚುತ್ತೆ? ನಿನಗೇನಾದ್ರೂ ಹೇಳಿದ್ನಾ? ಬರಿ."

ನಲವತ್ತು ಜನ ಸಹಿ ಹಾಕಿದರು. ಅಕ್ಕನದು ಮೊದಲನೆಯದು. ನನ್ನದೂ ಹಾಕಿಸಿದಳು. ನನ್ನ ಕೈಯಾರೆ ನನ್ನ ಮೇಲೇ ದೂರು ಬರೆದು ಸಹಿ ಹಾಕಿದ ಹೆಂಗಸು ಈ ಲೋಕದಲ್ಲಿ ನಾನೊಬ್ಬಳೇ ಇರಬೇಕು.

ಜನವರಿ 27, ಸೋಮವಾರ

ಇಲ್ಲಿನ ವ್ಯವಸ್ಥಾಪಕನಿಗೆ ಎಲ್ಲರೂ ನೋಟೀಸಪ್ಪ ಎನ್ನುತ್ತಾರೆ. ಎದುರು ಸಿಕ್ಕರೂ ಮಾತಾಡದೆ ಗೋಡೆಗೆ ನೋಟೀಸು ಅಂಟಿಸುವ ಮನುಷ್ಯ. ಇವತ್ತು ಅಂಟಿಸಿದ್ದು ಹೀಗಿದೆ: ಕಟ್ಟಡದ ಹೊರರೂಪವನ್ನು ವಿನ್ಯಾಸಕಾರರ ಒಪ್ಪಿಗೆ ಇಲ್ಲದೆ ಬದಲಿಸುವಂತಿಲ್ಲ ಎಂದು ಕರಾರಿನಲ್ಲಿದೆ. ಕಿಟಕಿಯ ಎತ್ತರ ಬೇಕೆಂದೇ ಮಾಡಿದ ವಿನ್ಯಾಸವಾದರೆ ಒಂದು ಇಟ್ಟಿಗೆಯನ್ನೂ ಮುಟ್ಟುವುದಿಲ್ಲ. ನಕ್ಷೆಯಲ್ಲಿ ನುಸುಳಿದ ತಪ್ಪಾದರೆ ಎಲ್ಲ ಕಿಟಕಿಗಳನ್ನೂ ತಗ್ಗಿಸಿಕೊಡಲಾಗುವುದು. ವಿನ್ಯಾಸಕಾರರನ್ನೇ ಕರೆಸಿ ಕೇಳಲಾಗುವುದು.

ಅಕ್ಕ ಮೂರು ಸಲ ಓದಿಸಿಕೊಂಡಳು. "ಅಂದ್ರೆ ತಪ್ಪು ಅಂತ ಯಾರಾದ್ರೂ ಒಪ್ಪಿಕೊಂಡ್ರೆ ಆಯ್ತು, ಅಷ್ಟೇ ತಾನೇ?"

"ಸಾರ್... ಅಂದ್ರೆ, ಆ ವಿನ್ಯಾಸಕಾರರು ಯಾಕೆ ಒಪ್ಕೋತಾರೆ?"

"ಅವರು ಒಪ್ಪಲ್ಲ" ಎಂದು ನನ್ನ ಮುಖ ನೋಡಿದಳು. ನಾನು ಪುಸ್ತಕ ತೆಗೆದುಕೊಂಡು ಅಂಗಳಕ್ಕೆ ಹೋದೆ. ನೋಟ ಅಂದರೆ ಏನೆಂದು ಮೇಷ್ಟ್ರುಗಳಿಂದ ಕಲಿಯಬೇಕು.

ಫೆಬ್ರುವರಿ 4, ಮಂಗಳವಾರ

ಅಕ್ಕ ಬಿದ್ದಳು.

ನಾನು ಕೋಣೆಯಲ್ಲಿರಲಿಲ್ಲ. ಹೊರಗೆ ಗೇಟಿನ ಹತ್ತಿರ ನಿಂತು ಪಟ್ಟಿಯ ಮೇಲೆ ಬಿಸಿಲು ಬೀಳುವುದನ್ನು ನೋಡುತ್ತಿದ್ದೆ. ಒಂಬತ್ತು ಗಂಟೆಗೆ ಅದರ ನೆರಳು ಗೋಡೆಯ ಮೇಲೆ ಕಡ್ಡಿಯಂತೆ ನೆಟ್ಟಗೆ ಬೀಳುತ್ತದೆ. ನಮ್ಮ ಕಿಟಕಿಯಲ್ಲಿ ಎರಡು ಕೈಗಳು ಕಂಡವು. ದಂಡೆಯನ್ನು ಹಿಡಿದ ಬೆರಳುಗಳು, ಆಮೇಲೆ ನರೆತ ತಲೆ, ಆಮೇಲೆ ಕನ್ನಡಕ. ಒಂದು ಕ್ಷಣ ಅವಳು ನನ್ನನ್ನು ನೋಡಿದಳು. ಮರುಕ್ಷಣ ಕಿಟಕಿಯಲ್ಲಿ ಏನೂ ಇರಲಿಲ್ಲ.

ಫೆಬ್ರುವರಿ 5, ಬುಧವಾರ

ಬಲಗೈ ಮಣಿಕಟ್ಟು ಮುರಿದಿದೆ. ತಲೆಗೆ ಏನೂ ಆಗಿಲ್ಲ. ಅವಳದೇ ತಪ್ಪು. ನಿಲ್ಲಲು ಆಗದವಳು ಯಾಕೆ ನಿಲ್ಲಬೇಕಿತ್ತು?

ಫೆಬ್ರುವರಿ 9, ಭಾನುವಾರ

ಅಕ್ಕ ಬೈಯುತ್ತಿಲ್ಲ. ಐದು ದಿನವಾಯಿತು. ಪುಟ್ಟಿ ಎಂದು ಕರೆಯುವುದೂ ಇಲ್ಲ. ಕೈಗೆ ಪ್ಲಾಸ್ಟರ್ ಹಾಕಿಸಿಕೊಂಡು, ಗೋಡೆಯ ಕಡೆ ಮುಖ ಮಾಡಿ ಕೂರುತ್ತಾಳೆ. ಕುರ್ಚಿಯನ್ನು ಕಿಟಕಿಯ ಕಡೆ ತಿರುಗಿಸಲೇ ಎಂದು ಕೇಳಿದರೆ "ಎರಡೂ ಗೋಡೇನೇ ಅಲ್ವಾ" ಎನ್ನುತ್ತಾಳೆ. ಊಟ ಅರ್ಧಕ್ಕೆ ಬಿಡುತ್ತಾಳೆ. ಕೋಪ ಬರುತ್ತದೆ. ಸುಮ್ಮನಿರುವುದು ಅವಳ ಹೊಸ ಅಸ್ತ್ರ, ಬೈಯುತ್ತಿದ್ದಾಗ ಎಷ್ಟೋ ವಾಸಿಯಿತ್ತು.

ಮಧ್ಯಾಹ್ನ ಅವಳು ಕುರ್ಚಿಯಲ್ಲೇ ತೂಕಡಿಸುತ್ತಿದ್ದಾಗ ನನ್ನ ಹಳೆಯ ಅಳತೆ ಟೇಪು ತೆಗೆದೆ. ನೆಲದಿಂದ ಅವಳ ಕಣ್ಣಿನವರೆಗೆ ಹಿಡಿದು ನೋಡಿದೆ. ಮೂರೂವರೆ ಅಡಿ. ಕಿಟಕಿಯ ದಂಡೆ ಮೂರೂಮುಕ್ಕಾಲು. ಹನ್ನೆರಡನೆಯ ಸಾಲಿನಲ್ಲಿ ನಿಲ್ಲಿಸಿದ್ದರೆ ಮೂರು ಅಡಿ ಇರುತ್ತಿತ್ತು. ಮೂರು ಸಾಲು ಇಟ್ಟಿಗೆ, ಒಂಬತ್ತು ಇಂಚು. ಟೇಪು ಸರ್ರನೆ ಸುತ್ತಿಕೊಂಡ ಸದ್ದಿಗೆ ಅಕ್ಕ ಕಣ್ಣು ತೆರೆದಳು.

"ನನ್ನ ಹೆಣಕ್ಕೆ ಪೆಟ್ಟಿಗೆ ಮಾಡಿಸಕ್ಕೆ ಅಳತೆ ತಗೋತಿದ್ದೀಯಾ?"

"ಸುಮ್ನೆ ಇರೇ."

"ಎಷ್ಟು ಬಂತು?"

ಟೇಪನ್ನು ದಿಂಬಿನ ಕೆಳಗೆ ತಳ್ಳಿದೆ.

ಇಲ್ಲಿಯಾದರೂ ಸುಳ್ಳು ಬರೆಯಬಾರದು. ಸಾರ್ ಕೊಟ್ಟ ಕರಡಿನಲ್ಲಿ ಕಿಟಕಿ ಹನ್ನೆರಡನೆಯ ಸಾಲಿಗೇ ಇತ್ತು. ಆದರೆ ಕಮಾನು ಶುರುವಾಗುವುದು ಹದಿನೈದರಿಂದ. ಕಿಟಕಿಗಳ ಬುಡದಿಂದ ಹೊರಟ ಪಟ್ಟಿ ಮುಂಬಾಗಿಲಿಗೆ ಬರುವಾಗ ಒಂದು ಮೆಟ್ಟಿಲು ಹತ್ತಬೇಕಾಗಿತ್ತು, ನೋಡಲು ಅಸಹ್ಯ. ಸಾರ್ ಪರಸ್ಥಳದಲ್ಲಿದ್ದರು. ನಕ್ಷೆ ಇವತ್ತೇ ಬೇಕೆಂದು ಕಂಟ್ರಾಕ್ಟರ್ ಬಾಗಿಲಲ್ಲಿ ನಿಂತಿದ್ದ. ಶಾಯಿಯಲ್ಲಿ ಬರೆದಿದ್ದ ಹನ್ನೆರಡನ್ನು ಬ್ಲೇಡಿನಿಂದ ಕೆರೆದು ಹದಿನೈದು ಎಂದು ಬರೆದೆ. ಎಲ್ಲ ಕಿಟಕಿಗಳನ್ನೂ ಮೇಲಕ್ಕೆತ್ತಿದೆ. ಹಲಗೆಯ ಮುಂದೆ ನಿಂತಿದ್ದ ನನ್ನ ಕಣ್ಣಿಗೆ ಅದು ಸರಿಯಾಗಿಯೇ ಕಂಡಿತು. ಅವತ್ತು ನಾನು ಯೋಚಿಸಿದ್ದು ಗೆರೆಯ ಬಗ್ಗೆ ಮಾತ್ರ. ಒಳಗೆ ಕೂರುವವರು ಇರುತ್ತಾರೆ ಎನ್ನುವುದು ನನ್ನ ತಲೆಗೇ ಬರಲಿಲ್ಲ.

ನಕ್ಷೆಯ ಮೂಲೆಯಲ್ಲಿ ತಿದ್ದುಪಡಿಯ ಪುಟ್ಟ ಕೋಷ್ಟಕ ಇರುತ್ತದೆ. ಏನು ಬದಲಾಯಿಸಿದೆ, ಯಾವತ್ತು, ಯಾವ ಕಾರಣಕ್ಕೆ, ಯಾರು. ಕಾರಣ ಬರೆಯದ ತಿದ್ದುಪಡಿಯನ್ನು ಸಾರ್ ಹರಿದು ಎಸೆಯುತ್ತಿದ್ದರು. ನಾನು ಅದನ್ನು ತುಂಬಲಿಲ್ಲ. ವಾಪಸು ಬಂದ ಸಾರ್ ನಕ್ಷೆ ನೋಡಿ "ಗೆರೆ ಚೆನ್ನಾಗಿ ಬಂದಿದೆ" ಎಂದರು, ನಾನು ಸುಮ್ಮನಿದ್ದುಬಿಟ್ಟೆ. ಇಪ್ಪತ್ತಾರು ವರ್ಷ ಅದನ್ನೇ ಚಪ್ಪರಿಸಿಕೊಂಡು ಬದುಕಿದೆ.

ನಿಂತು ನಿಂತು ಇವತ್ತು ಸೊಂಟ ನೋಯುತ್ತಿದೆ.

ಫೆಬ್ರುವರಿ 16, ಭಾನುವಾರ

ನೋಟೀಸಪ್ಪ ಮತ್ತೆ ಅಂಟಿಸಿದ್ದಾನೆ. ಶನಿವಾರ ಹನ್ನೊಂದಕ್ಕೆ ಸಾರ್ ಬರುತ್ತಾರೆ.

ನನ್ನ ಬೀರುವಿನ ಹಿಂದೆ ಒಂದು ಉದ್ದನೆಯ ಪ್ಲಾಸ್ಟಿಕ್ ಕೊಳವೆ ಇದೆ. ಕಚೇರಿ ಮುಚ್ಚುವಾಗ ಹಳೆಯ ಮೂಲ ನಕ್ಷೆಗಳನ್ನೆಲ್ಲ ರದ್ದಿಗೆ ಹಾಕಿದರು, ಈ ಕಟ್ಟಡದ್ದನ್ನು ಮಾತ್ರ ನಾನು ಕಂಕುಳಲ್ಲಿಟ್ಟುಕೊಂಡು ಬಂದೆ. ಹಜಾರದಲ್ಲಿರುವುದು ನಕಲು, ಅದರಲ್ಲಿ ಕೆರೆದದ್ದು ತಿಳಿಯುವುದಿಲ್ಲ. ಮೂಲದ ತೆಳು ಕಾಗದವನ್ನು ಬೆಳಕಿಗೆ ಹಿಡಿದರೆ ಹದಿನೈದರ ಹಿಂದೆ ಹನ್ನೆರಡು ಈಗಲೂ ಕಾಣುತ್ತದೆ. ಇವತ್ತು ಹಿಡಿದು ನೋಡಿದೆ.

ಅದನ್ನು ತೋರಿಸಿದರೆ ಕಿಟಕಿಗಳು ಇಳಿಯುತ್ತವೆ. ಪಟ್ಟಿ ಹೋಗುತ್ತದೆ, ನನ್ನ ಮಾನವೂ ಹೋಗುತ್ತದೆ. ನಾನು ಬಾಳಿನಲ್ಲಿ ಮಾಡಿದ್ದು ಅದೊಂದೇ. ಮದುವೆಯಿಲ್ಲ, ಮಕ್ಕಳಿಲ್ಲ, ಒಂದು ಗೆರೆ ಇದೆ. ಅದನ್ನು ನಾನೇ ಮುರಿಸಬೇಕೇ? ಅದೂ ಈ ಜನಕ್ಕಾಗಿ, ಜೈಲು ಎಂದವರಿಗಾಗಿ?

"ಅದೇನು ಕೊಳವೆ?" ಎಂದಳು ಅಕ್ಕ ಹಾಸಿಗೆಯಿಂದ.

"ಏನೋ ಹಳೇ ಕ್ಯಾಲೆಂಡರ್."

"ಓ" ಎಂದಳು. ಅಷ್ಟು ಚಿಕ್ಕ ಉತ್ತರ ಅವಳ ಬಾಯಿಂದ ಬಂದರೆ ನಂಬಬಾರದು.

ಫೆಬ್ರುವರಿ 22, ಶನಿವಾರ

ಇವತ್ತಿನದನ್ನು ಇವತ್ತೇ ಬರೆದಿಡುತ್ತೇನೆ.

ಊಟದ ಕೋಣೆ ತುಂಬಿತ್ತು. ಅಕ್ಕ ಮುಂದಿನ ಸಾಲಿನಲ್ಲಿ, ನಾನು ಹಿಂದೆ ಗೋಡೆಗೆ ಒರಗಿ ನಿಂತಿದ್ದೆ. ಕೊಳವೆಯನ್ನು ಜೊತೆಗೆ ತಂದಿದ್ದೆ. ಸುಮ್ಮನೆ ತಂದಿದ್ದೆ, ತೆಗೆಯಬೇಕೆಂದಲ್ಲ. ಸಾರ್ ಬಂದರು. ಎಂಬತ್ತು ದಾಟಿದೆ, ಕೋಲು ಬಂದಿದೆ, ಗತ್ತು ಇಳಿದಿಲ್ಲ. ನೋಟೀಸಪ್ಪ ಕುರ್ಚಿ ತಂದು ಕೊಟ್ಟ. ಕೂತರು.

ಸಾರ್ ಏನಾದರೂ "ನೋಡೋಣ" ಎಂದಿದ್ದರೆ ನಾನು ಬಾಯಿಗೆ ಬೀಗ ಹಾಕಿಕೊಂಡೇ ಇರುತ್ತಿದ್ದೆ. ಆದರೆ ಅವರು ಹೇಳಿದ್ದು ಬೇರೆ.

"ನೋಡಿ, ಇದು ತಪ್ಪಲ್ಲ. ತುಂಬಾ ಯೋಚ್ನೆ ಮಾಡಿ ಇಟ್ಟಿರೋ ಎತ್ತರ. ವಯಸ್ಸಾದವರಿಗೆ ರಸ್ತೆ, ಗೇಟು, ಗಲಾಟೆ ಇವೆಲ್ಲ ಬೇಡ. ಮನಸ್ಸಿಗೆ ಶಾಂತಿ ಬೇಕು. ಅದಕ್ಕೇ ಆಕಾಶ ಮಾತ್ರ ಕಾಣೋ ಹಾಗೆ ಮಾಡಿದ್ದೀನಿ."

ಯೋಚನೆ ಮಾಡಿದ್ದರಂತೆ! ಇಪ್ಪತ್ತಾರು ವರ್ಷ ನಾನು ಎದೆಯಲ್ಲಿ ಬಚ್ಚಿಟ್ಟುಕೊಂಡಿದ್ದ ತಪ್ಪನ್ನು ಈ ಮನುಷ್ಯ ಎಲ್ಲರ ಎದುರು ಎತ್ತಿಕೊಂಡು ತನ್ನ ಜೇಬಿಗೆ ಹಾಕಿಕೊಂಡರು. ಗೆರೆಯ ಹೊಗಳಿಕೆಯನ್ನೂ ಅವರೇ ತೆಗೆದುಕೊಂಡಿದ್ದರು, ಆಗ ನಾನು ಮಾತಾಡಿರಲಿಲ್ಲ. ನನ್ನ ತಪ್ಪೂ ಅವರದೇ ಆಗಬೇಕೇ? ಇಷ್ಟು ಸಿಟ್ಟು ನನಗೆ ಜನ್ಮದಲ್ಲಿ ಬಂದಿರಲಿಲ್ಲ.

ಅಕ್ಕ ಎಡಗೈ ಎತ್ತಿದಳು, ತರಗತಿಯಲ್ಲಿ ಮಕ್ಕಳು ಎತ್ತುವಂತೆ. "ಸಾರ್, ಈಗ ಕೂತಿದ್ದೀರಲ್ಲ, ನಿಮಗೆ ಹೊರಗಡೆ ಏನ್ ಕಾಣ್ತಿದೆ?"

ಸಾರ್ ಕಿಟಕಿಯ ಕಡೆ ತಿರುಗಿದರು. "ಆಕಾಶ" ಎಂದರು.

"ನೀವು ಇನ್ನರ್ಧ ಗಂಟೆಗೆ ಎದ್ದು ಹೋಗ್ತೀರಿ. ನಾವು?"

ಆಮೇಲೆ ನನ್ನ ಕಾಲು ಹೇಗೆ ಮುಂದೆ ಬಂತೋ ಗೊತ್ತಿಲ್ಲ. ಕೊಳವೆಯ ಮುಚ್ಚಳ ತೆಗೆದು ನಕ್ಷೆಯನ್ನು ಬಿಚ್ಚಿ ಕಿಟಕಿಯ ಗಾಜಿಗೆ ಹಿಡಿದೆ. "ಇಲ್ಲಿ ನೋಡಿ ಸಾರ್. ಹದಿನೈದರ ಹಿಂದೆ ಹನ್ನೆರಡು ಇದೆ. ನೀವು ಕೊಟ್ಟಿದ್ದು ಹನ್ನೆರಡು. ಕೆರೆದು ಹದಿನೈದು ಮಾಡಿದ್ದು ನಾನು. ಪಟ್ಟಿ ನೇರ ಬರ್ಲಿ ಅಂತ ಮಾಡ್ದೆ, ಇವರಿಗೋಸ್ಕರ ಅಲ್ಲ. ಶಾಂತಿ ಗೀಂತಿ ಏನೂ ಇಲ್ಲ. ಇದು ತಪ್ಪು. ನನ್ ತಪ್ಪು."

ಸಾರ್ ಕನ್ನಡಕ ಏರಿಸಿ ಕಾಗದವನ್ನೂ ನೋಡಿದರು, ನನ್ನನ್ನೂ ನೋಡಿದರು. ಗುರುತು ಸಿಗಲು ಹೊತ್ತಾಯಿತು. "ನೀನಾ? ನನ್ನನ್ನ ಒಂದ್ಮಾತು ಕೇಳದೆ?"

"ನೀವು ಊರಲ್ಲಿರ್ಲಿಲ್ಲ ಸಾರ್. ಬಂದ್ಮೇಲೆ ಚೆನ್ನಾಗಿದೆ ಅಂದ್ರಿ."

ಅವರ ಮುಖ ಕೆಂಪಾಯಿತು. ನೋಟೀಸಪ್ಪ ಹತ್ತಿರ ಬಂದು ಬೆಳಕಿನಲ್ಲಿ ಬಗ್ಗಿ ನೋಡಿ, "ಹನ್ನೆರಡು ಇದೆ" ಎಂದ. ಅವನ ದನಿಯನ್ನು ಅನೇಕರು ಕೇಳಿದ್ದು ಇವತ್ತೇ ಮೊದಲು. ಆಮೇಲೆ ಸಾರ್ ಕೋಲೂರಿ ಎದ್ದು, ನನ್ನ ಕಡೆ ತಿರುಗದೆ, "ಹಾಗಾದ್ರೆ ತಗ್ಗಿಸ್ಕೊಳ್ಳಿ. ಕಿಟಕಿ ಕೆಳಗಿನ ಇಟ್ಟಿಗೆ ಯಾವ ಭಾರಾನೂ ಹೊತ್ತಿಲ್ಲ, ತೆಗೆದ್ರೆ ಏನೂ ಆಗಲ್ಲ" ಎಂದು ಹೊರಟರು.

ಚಪ್ಪಾಳೆ ಬೀಳುತ್ತದೆಂದು ನಾನೇನೂ ಕಾದಿರಲಿಲ್ಲ. ರೇಡಿಯೋ ತಾತ ಮೊಟ್ಟಮೊದಲ ಸಲ ರೇಡಿಯೋ ಆರಿಸಿದರು. "ಅಂದ್ರೆ ಇಷ್ಟ್ ದಿನ ನಾವು ಬೈದಿದ್ದು ನಿಮ್ಮನ್ನಾ? ಕೇಳ್ಕೊಂಡು, ನಮ್ ಜೊತೆ ಕೂತು ಊಟ ಮಾಡ್ಕೊಂಡು ಇದ್ರಾ?" ಟೈಲರಮ್ಮ, "ನಾಲ್ಕು ವರ್ಷದಿಂದ ಟ್ಯಾಂಕ್ ನೋಡ್ತಿದ್ದೀನಿ ನಾನು" ಎಂದು ಮುಖ ತಿರುಗಿಸಿದರು. ಮಧ್ಯಾಹ್ನ ನಮ್ಮ ಮೇಜಿಗೆ ಯಾರೂ ಬರಲಿಲ್ಲ. ಅಕ್ಕ ಮಾತ್ರ ತಟ್ಟೆ ಖಾಲಿ ಮಾಡಿದಳು.

ಫೆಬ್ರುವರಿ 23, ಭಾನುವಾರ

ಬೆಳಿಗ್ಗೆ ಎದ್ದ ಕೂಡಲೇ, "ಪುಟ್ಟಿ, ಹೊದಿಕೆ ಸರಿಯಾಗಿ ಮಡಿಸು" ಎಂದಳು.

ಮಡಿಸಿದೆ. ಕೇಳಿಯೂ ಬಿಟ್ಟೆ. "ನಿಂಗೇನೂ ಆಶ್ಚರ್ಯ ಆಗ್ಲಿಲ್ವಾ ನಿನ್ನೆ?"

"ಯಾವುದಕ್ಕೆ?"

"ನಾನೇ ಬರೆದಿದ್ದು ಅನ್ನೋದಕ್ಕೆ."

"ಹಜಾರದಲ್ಲಿ ತೂಗುಹಾಕಿದಾರಲ್ಲ. ನಿನ್ನ ನಾಲ್ಕು, ನಿನ್ನ ಒಂಬತ್ತು. ನಿನಗೆ ಅಕ್ಷರ ತಿದ್ದಿಸಿದ್ದು ಯಾರು? ಒಂಬತ್ತರ ಬಾಲ ಎಳೀಬೇಡ ಅಂತ ಎಷ್ಟು ಸಲ ಹೊಡೆದಿದೀನಿ, ಈಗಲೂ ಎಳೀತೀಯ."

ಮಡಿಸಿದ ಹೊದಿಕೆಯನ್ನು ಹಾಸಿಗೆಯ ಮೇಲೆ ಎಸೆದೆ. "ಗೊತ್ತಿದ್ದೂ ಆ ಪತ್ರಾನ ನನ್ ಕೈಲೇ ಬರೆಸಿದ್ಯಾ? ಜೀವಮಾನದಲ್ಲಿ ಕೂತಿಲ್ಲ, ಮನೇಲಿ ವಯಸ್ಸಾದವರು ಕಣ್ಣಿಗೆ ಬೀಳಲಿಲ್ಲ ಅಂತೆಲ್ಲ? ಒಂದು ತಿಂಗಳು ನನ್ನನ್ನ ಹುರಿದು ತಿಂದ್ಯಲ್ಲೇ!"

"ಮತ್ತೆ? ಬರೆದವರೇ ತಿದ್ದಬೇಕು. ಮಕ್ಕಳ ತಪ್ಪನ್ನ ನಾನ್ಯಾವತ್ತೂ ತಿದ್ದಿ ಕೊಟ್ಟೋಳಲ್ಲ, ಕೆಂಪು ಗೆರೆ ಎಳೆದು ವಾಪಸು ಕೊಡ್ತಿದ್ದೆ."

"ನಾನು ತಿದ್ದದೇ ಇದ್ದಿದ್ರೆ?"

ಅಕ್ಕ ಪ್ಲಾಸ್ಟರ್ ಹಾಕಿದ ಕೈಯನ್ನು ತೊಡೆಯ ಮೇಲೆ ಸರಿಯಾಗಿ ಇಟ್ಟುಕೊಂಡಳು. "ಗೋಡೆ ನೋಡ್ಕೊಂಡು ಸಾಯ್ತಿದ್ದೆ. ನಾನಾಗಿ ಹೇಳ್ತಿರ್ಲಿಲ್ಲ."

ಎಂಥ ಹೆಂಗಸು! ಇವಳ ಜೊತೆ ಒಂದೇ ಕೋಣೆಯಲ್ಲಿ ಇರುವುದು ಸಾಧ್ಯವೇ ಇಲ್ಲ. ಬೇರೆ ಕೋಣೆ ಕೊಡಿ ಎಂದು ಇವತ್ತೇ ಕೇಳುತ್ತೇನೆ ಎಂದುಕೊಂಡೆ. ಕೇಳಲು ಹೋಗಲು ಆಗಲಿಲ್ಲ, ಅವಳ ತಲೆ ಬಾಚಬೇಕಿತ್ತು. ಬಲಗೈ ಇಲ್ಲದೆ ಅವಳಿಗೆ ಜಡೆ ಹಾಕಿಕೊಳ್ಳಲು ಬರುವುದಿಲ್ಲ.

ಮಾರ್ಚ್ 3, ಸೋಮವಾರ

ಒಬ್ಬರೇ ಇರುವ ಕೋಣೆಯೊಂದು ಖಾಲಿಯಾಗಿದೆಯಂತೆ, ಬೇಕೇ ಎಂದು ನೋಟೀಸಪ್ಪ ಕೇಳಿದ. ಅದು ಹಿಂಭಾಗದ್ದು, ಗಾಳಿ ಬರುವುದಿಲ್ಲ. ಬೇಡವೆಂದೆ.

ಮಾರ್ಚ್ 11, ಮಂಗಳವಾರ

ಗಾರೆಯವರು ಬಂದರು. ಮೊದಲು ನಮ್ಮ ಕೋಣೆಯ ಕಿಟಕಿಗೇ ಕೈ ಹಾಕಲಿ ಎಂದು ಅಕ್ಕ ಅಪ್ಪಣೆ ಮಾಡಿದಳು. ನಾನು ಹೊರಗೆ ನಿಂತೆ. ಮೇಸ್ತ್ರಿ ಪಟ್ಟಿಗೆ ಉಳಿ ಇಟ್ಟು ನನ್ನ ಕಡೆ ನೋಡಿದ. "ಅಮ್ಮ, ಗೆರೆ ಎಷ್ಟ್ ಚೆನ್ನಾಗಿ ಹಿಡಿದವ್ರೆ, ಒಂದು ನೂಲು ಆಚೀಚೆ ಇಲ್ಲ. ಒಡೆಯಕ್ಕೆ ಮನಸ್ಸು ಬರಲ್ಲ."

"ಒಡಿ" ಎಂದೆ.

ಮೊದಲ ಏಟಿಗೆ ಕಣ್ಣು ಮುಚ್ಚಿಕೊಂಡೆ. ನನ್ನ ಗೆರೆ ಸಂಜೆಯ ಹೊತ್ತಿಗೆ ನಾಲ್ಕು ಕಡೆ ಮುರಿದಿತ್ತು. ಗೇಟಿನಿಂದ ನೋಡಿದರೆ ಹಲ್ಲು ಉದುರಿದ ಬಾಯಿಯಂತೆ ಕಾಣುತ್ತದೆ. ಅತ್ತೆ. ಯಾರೂ ನೋಡಲಿಲ್ಲ, ನೋಡಿದರೂ ನನಗೇನು.

ಮಾರ್ಚ್ 14, ಶುಕ್ರವಾರ

ನಿನ್ನೆ ರಾತ್ರಿ ಗಾಜು ಕೂರಿಸಿ ಮುಗಿಸಿದರು. ಬೆಳಿಗ್ಗೆ ಅಕ್ಕನ ಕುರ್ಚಿಯನ್ನು ತಳ್ಳಿಕೊಂಡು ಹೋಗಿ ನಿಲ್ಲಿಸಿದೆ. ಅವಳಿಗೆ ಕಾಣಿಸಿದ್ದು ಇಷ್ಟು: ಗೇಟು, ಗೇಟಿನ ಪಕ್ಕ ಪ್ಲಾಸ್ಟಿಕ್ ಕುರ್ಚಿಯಲ್ಲಿ ನಿದ್ದೆ ಮಾಡುತ್ತಿರುವ ಕಾವಲುಗಾರ, ಎರಡು ಕಸದ ಡಬ್ಬಿ, ಒಂದು ನಾಯಿ.

"ಇಷ್ಟೇನಾ?" ಎಂದಳು.

ನನಗೆ ಎಲ್ಲಿಲ್ಲದ ಕೋಪ ಬಂತು. "ಇಷ್ಟೇ. ಇದಕ್ಕೇ ನೀನು ಕೈ ಮುರ್ಕೊಂಡಿದ್ದು, ಇದಕ್ಕೇ ನನ್ನ ಗೆರೆ ಒಡೆಸಿದ್ದು. ಸಾಕಾ?"

ಅವಳು ಕೇಳಿಸಿಕೊಳ್ಳಲೇ ಇಲ್ಲ. ಮುಂದಕ್ಕೆ ಬಾಗಿ ಗಾಜಿಗೆ ಮೂಗು ತಾಗಿಸಿದ್ದಳು. "ನೋಡು ನೋಡು, ಆ ನರ್ಸಮ್ಮ! ಎಂಟಕ್ಕೆ ಬರಬೇಕಾದವಳು ಎಂಟೂ ಹತ್ತಕ್ಕೆ ಬರ್ತಿದಾಳೆ! ಬರ್ಕೋ ಪುಟ್ಟಿ, ಬರ್ಕೋ!" ಊಟಕ್ಕೆ ಕರೆದರೂ ಅಲ್ಲಿಂದ ಅಲುಗಲಿಲ್ಲ. ತಟ್ಟೆಯನ್ನು ಅಲ್ಲಿಗೇ ತಂದೆ.

ಟೈಲರಮ್ಮ ಮಧ್ಯಾಹ್ನ ಬಾಗಿಲಲ್ಲಿ ನಿಂತು, ಒಳಗೆ ಬಾರದೆ, "ನಮ್ಮದು ಸೋಮವಾರ ಅಂತೆ" ಎಂದರು. ಇಪ್ಪತ್ತು ದಿನದಲ್ಲಿ ಅವರು ನನ್ನ ಜೊತೆ ಆಡಿದ ಮೊದಲ ಮಾತು. ನಗಲಿಲ್ಲ. ನಾನೂ ನಗಲಿಲ್ಲ.

ಮಾರ್ಚ್ 15, ಶನಿವಾರ

ಒಂದು ತೊಂದರೆಯಾಗಿದೆ. ದಂಡೆ ಈಗ ತಗ್ಗಾಯಿತು, ನಿಂತು ಬರೆಯಲು ಆಗುತ್ತಿಲ್ಲ. ಅಕ್ಕನ ಪಕ್ಕದಲ್ಲೇ ಒಂದು ಕುರ್ಚಿ ಹಾಕಿಕೊಂಡು ಕೂತಿದ್ದೇನೆ. ಅವಳು ಗೇಟು ನೋಡುತ್ತಾಳೆ, ಗೊಣಗುತ್ತಾಳೆ, ಗೊಣಗಿದ್ದಕ್ಕೆ ನಾನು ಉತ್ತರ ಕೊಡದಿದ್ದರೆ ಮೊಣಕೈಯಿಂದ ತಿವಿಯುತ್ತಾಳೆ. ಹೀಗಾದರೆ ಅಕ್ಷರ ಸೊಟ್ಟಗಾಗದೆ ಇನ್ನೇನಾಗುತ್ತದೆ.

ಮಧ್ಯಾಹ್ನ ಅವಳು ತೂಕಡಿಸಿದಾಗ ಮೂಲ ನಕ್ಷೆಯನ್ನು ಕಿಟಕಿಯ ದಂಡೆಯ ಮೇಲೆ ಹರಡಿ, ನಾಲ್ಕು ಮೂಲೆಗೂ ಔಷಧಿ ಸೀಸೆ ಇಟ್ಟೆ. ಮೂಲೆಯ ಕೋಷ್ಟಕ ಇಪ್ಪತ್ತಾರು ವರ್ಷದಿಂದ ಖಾಲಿಯಿತ್ತು. ಶಾಯಿ ಪೆನ್ನು ತೆಗೆದು, ಒಂಬತ್ತರ ಬಾಲ ಎಳೆಯದಂತೆ ಎಚ್ಚರವಹಿಸಿ, ತುಂಬಿದೆ. ಇಲ್ಲೂ ಬರೆದಿಡುತ್ತೇನೆ.

ತಿದ್ದುಪಡಿ: ಒಂದು.

ಬದಲಾವಣೆ: ಕಿಟಕಿಗಳು ಹದಿನೈದನೆಯ ಸಾಲಿನಿಂದ ಹನ್ನೆರಡನೆಯ ಸಾಲಿಗೆ. ತಗ್ಗಿಸಿದ್ದು 9 ಇಂಚು.

ಕಾರಣ: ಅಕ್ಕ ಕೂತಿರುತ್ತಾಳೆ.